ಮಗುವು ಮಾತನಾಡದಿದ್ದರೆ ತಪ್ಪು ಯಾರದು?

ಕಲ್ಯಾಣದ ಹೋಟೆಲೊಂದರಲ್ಲಿ ಸಪ್ಲಾಯರನಾಗಿರುವ ಕುಂದಾಪುರದ ಕಡೆಯ ಯುವಕನೊಬ್ಬನು ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಬಂದು, ಹೇಳಲೋ ಬೇಡವೋ ಎಂದು ಬಹಳ ಹೊತ್ತು ಅನುಮಾನಿಸಿ, ಕೊನೆಗೊಂದು ಪ್ರಶ್ನೆಯನ್ನು ಕೇಳಿದನು. ಊರಿನಲ್ಲಿ ತಾಯಿಯೊಡನಿರುವ ಅವನ ಮೂರು ವರ್ಷದ ಮಗುವಿಗೆ ಆಟಿಸಂ, ಅಂದರೆ ಸ್ವಲೀನತೆ, ಇದೆಯೆಂದು ವೈದ್ಯರು ಹೇಳಿದ್ದಾರಂತೆ. "ನಾನು ವರ್ಷಕ್ಕೊಮ್ಮೆ ಊರಿಗೆ ಹೋಗುವವನು. ತಂದೆಯ ಮುಖ ಕಾಣದೆ ಮಗು ಹೀಗಾಯಿತೇ ಸ್ವಾಮೀ?"

ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿ ಗಲ್ಲೆಯ ಮೇಲೆ ಕುಳಿತ ನಮಗೆ ವೈದ್ಯರಂತೆ ಮಾತನಾಡುವ ಅಧಿಕಾರವಿಲ್ಲ. ಆದರೆ ಅಂತಹ ಮಗನೊಬ್ಬನ ತಂದೆಯಾಗಿ, ಆ ಪ್ರಶ್ನೆಯೊಡನೆ ಹನ್ನೊಂದು ವರ್ಷ ಬಾಳಿದವರಾಗಿ, ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಗನು ಎರಡೂವರೆ ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಕಿವುಡೆಂದು ಭಾವಿಸೋಣವೆಂದರೆ, ಒಳಗೆ ಗ್ರೈಂಡರ್ ತಿರುಗಿದ ಕೂಡಲೇ ಎಲ್ಲಿದ್ದರೂ ಓಡಿ ಬರುತ್ತಿದ್ದನು. ಕಿವಿಯ ಪರೀಕ್ಷೆ ಮಾಡಿಸಿದೆವು, ದೋಷವಿರಲಿಲ್ಲ. ಆಗ ಮನೆಯಲ್ಲಿ ಅಪರಾಧಿಯ ಶೋಧನೆ ಆರಂಭವಾಯಿತು. ನನ್ನ ಪತ್ನಿಯು ಕೋಟೆ ವಿಭಾಗದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಳು. ಬೆಳಿಗ್ಗೆ ಎಂಟರ ಲೋಕಲಿಗೆ ಹೋದರೆ ರಾತ್ರಿ ಎಂಟಕ್ಕೆ ಬರುವಳು. "ಮಗುವನ್ನು ಎತ್ತಿ ಆಡಿಸದ ತಾಯಿ" ಎಂದು ನೆಂಟರು ಅಂದರೆಂದು ನಾನು ಇದುವರೆಗೆ ಹೇಳಿಕೊಂಡು ಬಂದಿದ್ದೇನೆ. ಆ ಮಾತನ್ನು ಮೊದಲು ಆಡಿದವನು ನಾನೇ. ಅವಳು ಕೆಲಸ ಬಿಟ್ಟಳು. ಮಗನು ಮಾತನಾಡಲಿಲ್ಲ.

ನಾನಾಡಿದ ಆ ಮಾತನ್ನು ದೊಡ್ಡ ದೊಡ್ಡ ವಿದ್ವಾಂಸರೂ ಆಡಿದ್ದರೆಂಬುದು ಆಮೇಲೆ ತಿಳಿಯಿತು. ಅಮೇರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ೧೯೪೩ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದು ಈ ಸ್ಥಿತಿಗೆ ಹೆಸರು ಕೊಟ್ಟನು. ಇದು ಹುಟ್ಟಿನಿಂದಲೇ ಬಂದುದೆಂದು ಆಗ ಹೇಳಿದ ಅವನೇ ಮುಂದೆ ತಂದೆತಾಯಿಗಳ ಶೀತಲ ಸ್ವಭಾವವನ್ನೂ ಎತ್ತಿ ಆಡಿದನು. ಬ್ರೂನೋ ಬೆಟಲ್‌ಹೈಮನಂತೂ ೧೯೬೭ರಲ್ಲಿ ಈ ಆರೋಪದ ಮೇಲೆ ಒಂದು ಗ್ರಂಥವನ್ನೇ ಹೊರಡಿಸಿದನು. 'ರೆಫ್ರಿಜರೇಟರ್ ತಾಯಿ' ಎಂಬ ಬಿರುದನ್ನು ಹೊತ್ತು ಎಷ್ಟು ತಾಯಂದಿರು ಅತ್ತರೋ! ಅದಕ್ಕೆ ಮೊದಲ ಪ್ರಬಲ ಉತ್ತರ ಕೊಟ್ಟವನು ಒಬ್ಬ ತಂದೆ. ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞನು, ತನ್ನ ಮಗನಿಗೂ ಇದೇ ಸ್ಥಿತಿಯಿದ್ದುದರಿಂದ ಸಿಕ್ಕಿದ್ದನ್ನೆಲ್ಲ ಓದಿ, ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದೇ ಹೊರತು ಮಮತೆಯ ಕೊರತೆಯಲ್ಲವೆಂದು ೧೯೬೪ರಲ್ಲೇ ಬರೆದನು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಎಂಬವರು ಇಂಗ್ಲೆಂಡಿನ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ ೧೧ ಜೋಡಿಗಳಲ್ಲಿ ೪ರಲ್ಲಿ ಇಬ್ಬರಿಗೂ ಸ್ವಲೀನತೆ. ಬೇರೆ ಬೇರೆ ಅಂಡದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಇಲ್ಲ. ಒಂದೇ ತಾಯಿ, ಒಂದೇ ಮಡಿಲು. ವ್ಯತ್ಯಾಸವಿದ್ದುದು ರಕ್ತದ ಬರಹದಲ್ಲಿ. ಇಂದಿನ ಶಾಸ್ತ್ರದ ನಿರ್ಣಯವೂ ಬಹುತೇಕ ಇದೇ. ಒಂದಲ್ಲ, ನೂರಾರು ವಂಶವಾಹಿಗಳು ಇದರಲ್ಲಿ ಸೇರಿವೆ. ಬಸಿರಿನಲ್ಲಿ ತಗಲುವ ರುಬೆಲ್ಲಾ, ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್ ಎಂಬ ಔಷಧ, ದಿನ ತುಂಬದ ಹೆರಿಗೆ, ತಂದೆಯ ಹೆಚ್ಚಿದ ವಯಸ್ಸು, ಇವುಗಳಿಂದ ಸಂಭವವು ಅಷ್ಟಿಷ್ಟು ಏರುತ್ತದೆ. (ಅಪಸ್ಮಾರದ ಔಷಧವನ್ನು ವೈದ್ಯರನ್ನು ಕೇಳದೆ ಯಾರೂ ನಿಲ್ಲಿಸಬಾರದು.) ಸಾಲ ತೀರಿಸಿ, ತಂಗಿಯರ ಮದುವೆ ಮುಗಿಸಿ, ನಲವತ್ತಕ್ಕೆ ಬಾಸಿಂಗ ಕಟ್ಟುವ ನಮ್ಮ ಹೋಟೆಲು ಬಂಧುಗಳು ಇದನ್ನೋದಿ ಗಾಬರಿಪಡಬೇಕಾಗಿಲ್ಲ, ಏರಿಕೆಯು ಅಲ್ಪವಾದುದು.

ನಮ್ಮಂಥ ವಲಸಿಗರ ಮೇಲೆ ಇನ್ನೊಂದು ಆರೋಪವುಂಟು. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಬಾಲವಾಡಿಯಲ್ಲಿ ಇಂಗ್ಲಿಷು. ಮಗುವು ಗೊಂದಲಪಟ್ಟು ಬಾಯಿ ಮುಚ್ಚಿಕೊಂಡಿತೆಂದು. ನಮಗೂ ಕನ್ನಡ ಬಿಡುವಂತೆ ಒಬ್ಬರು ಸಲಹೆಯಿತ್ತರು. ಬಿಟ್ಟೆವು. ಊರಿನಿಂದ ಬಂದ ನನ್ನ ತಾಯಿಗೆ ಹಿಂದಿ ಬಾರದು. ಎರಡು ತಿಂಗಳು ಅವರು ಮೊಮ್ಮಗನ ಪಕ್ಕದಲ್ಲಿ ಮಾತಿಲ್ಲದೆ ಕುಳಿತಿದ್ದರು. ಅದನ್ನು ನೆನೆದರೆ ಇಂದಿಗೂ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ. ಹಲವು ಭಾಷೆಗಳಿಂದ ಸ್ವಲೀನತೆ ಬರುವುದಿಲ್ಲ; ಎರಡು ಭಾಷೆ ಕೇಳಿ ಬೆಳೆಯುವ ಇಂತಹ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬೀಳುವುದಿಲ್ಲವೆಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ನಾಗದೋಷವೆಂದರು, ಪ್ರಶ್ನೆ ಇಡಿಸಿ, ಆಶ್ಲೇಷಾ ಬಲಿಯನ್ನೂ ಮಾಡಿಸಿದೆವು. ಮನಸ್ಸಿಗೆ ನೆಮ್ಮದಿಯಾಯಿತು, ಸುಳ್ಳು ಹೇಳಲಾರೆ. ಆದರೆ ಚಿಕಿತ್ಸೆಗೆಂದು ಕೂಡಿಟ್ಟ ಹಣವೂ, ಬೆಲೆಯುಳ್ಳ ಒಂದು ವರ್ಷವೂ ಅದರೊಡನೆ ಹೋದುವು.

ಇನ್ನು ಲಸಿಕೆಯ ಮಾತು. ಒಂದೂವರೆ ವರ್ಷದ ಚುಚ್ಚುಮದ್ದಾದ ಮೇಲೆಯೇ ಮಗನು ಆಡುತ್ತಿದ್ದ ಒಂದೆರಡು ಮಾತೂ ನಿಂತಿತೆಂದು ನಾನು ಬಹಳ ಕಾಲ ನಂಬಿದ್ದೆ. ಲಸಿಕೆ ಹಾಕುವ ವಯಸ್ಸೂ ಲಕ್ಷಣ ತೋರುವ ವಯಸ್ಸೂ ಒಂದೇ ಎಂಬುದು ಹೊಳೆದಿರಲಿಲ್ಲ. ಈ ಸಂಶಯವನ್ನು ಲೋಕಕ್ಕೆಲ್ಲ ಹರಡಿದುದು ಲಂಡನ್ನಿನ ವೇಕ್‌ಫೀಲ್ಡ್ ಎಂಬ ವೈದ್ಯನು ೧೯೯೮ರಲ್ಲಿ ಹನ್ನೆರಡು ಮಕ್ಕಳ ಮೇಲೆ ಬರೆದ ಲೇಖನ. ಲಸಿಕೆಯ ಕಂಪನಿಗಳ ಮೇಲೆ ದಾವೆ ಹೂಡಲಿದ್ದ ವಕೀಲರಿಂದ ಅವನು ಹಣ ಪಡೆದಿದ್ದನು. ೨೦೧೦ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಆ ಲೇಖನವನ್ನು ಹಿಂದೆಗೆದುಕೊಂಡಿತು. ಅದೇ ವರ್ಷ ವೈದ್ಯರ ಪಟ್ಟಿಯಿಂದ ಅವನ ಹೆಸರೂ ಅಳಿಯಿತು. ೨೦೧೯ರಲ್ಲಿ ಡೆನ್ಮಾರ್ಕಿನವರು ೬,೫೭,೪೬೧ ಮಕ್ಕಳ ದಾಖಲೆ ನೋಡಿ, ಲಸಿಕೆ ಹಾಕಿಸಿಕೊಂಡವರಲ್ಲಿ ಸ್ವಲೀನತೆ ಹೆಚ್ಚಿಲ್ಲವೆಂದು ತಿಳಿಸಿದರು. ನಾನಾದರೋ ೨೦೧೮ರ ನವಂಬರದಲ್ಲಿ ಮಹಾರಾಷ್ಟ್ರದ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ, ಕಿರಿಯ ಮಗಳು ತಂದ ಒಪ್ಪಿಗೆಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ. ೨೦೨೨ರ ಕೊನೆಯಲ್ಲಿ ಗೋವಂಡಿ, ಭಿವಂಡಿಗಳಲ್ಲಿ ದಡಾರ ಎದ್ದು ಮಕ್ಕಳು ಸತ್ತ ಸುದ್ದಿಯನ್ನು ಮುಂಜಾನೆ ಓದಿ, ಅದೇ ದಿನ ಮಗಳ ಕೈ ಹಿಡಿದು ಓಡಿದೆ. ಬಸಿರಿಯನ್ನು ರುಬೆಲ್ಲಾದಿಂದ ಕಾಯುವುದೂ ಇದೇ ಲಸಿಕೆ.

ಕಲ್ಯಾಣದ ಆ ಯುವಕನಿಗೆ, ನೀನು ಊರಿನಲ್ಲಿ ಇಲ್ಲದ್ದರಿಂದ ಇದು ಬಂದುದಲ್ಲವೆಂದು ಹೇಳಿದೆ. ಜಿಲ್ಲಾ ಸರಕಾರಿ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದೊಯ್ಯಲಿ, ೨೦೧೬ರ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿರುವುದರಿಂದ ಪ್ರಮಾಣಪತ್ರ ಮಾಡಿಸಲಿ, ಮನೆಯಲ್ಲಿ ಕನ್ನಡವನ್ನೇ ಆಡಲಿ ಎಂದೆ. ಅವನು ಎಲ್ಲವನ್ನೂ ಬಿಲ್ಲಿನ ಹಾಳೆಯ ಹಿಂದೆ ಬರೆದುಕೊಂಡನು. ಬಳಿಕ ಮೊಬೈಲು ತೆಗೆದು, ಡಬ್ಬಿಯ ಮುಚ್ಚಳವನ್ನು ಬುಗುರಿಯಂತೆ ತಿರುಗಿಸುತ್ತ ನಗುವ ಮಗುವನ್ನು ತೋರಿಸಿದನು. ನಾವಿಬ್ಬರೂ ಅದನ್ನು ಎರಡು ಸಲ ನೋಡಿದೆವು. ಸಂಜೆಯ ಪಾಳಿಗೆ ಹೊತ್ತಾಯಿತೆಂದು ಅವನು ಎದ್ದನು. "ಇವಳಿಗೆ ಈಗಲೇ ಫೋನು ಮಾಡುತ್ತೇನೆ, ನನ್ನ ಅಮ್ಮ ಅವಳನ್ನು ಬೈಯುವುದು ನಿಲ್ಲಬೇಕು" ಎಂದು ಮೆಟ್ಟಲಿಳಿದು ಹೋದನು.