ರೆಸಿಡೆನ್ಸಿಯ ನೆರಳಿನ ಬಜಾರು

ಬೆಳಗ್ಗೆ ಏಳಕ್ಕೆ ಸುಲ್ತಾನ್ ಬಜಾರು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಬಳೆ ಅಂಗಡಿಗಳ ಶಟರ್ ಇಳಿದಿರುತ್ತದೆ. ಬಡೀ ಚೌಡಿ ಕಡೆ ತರಕಾರಿ ಮೂಟೆ ಇಳಿಸುವವರ ಕೂಗು ಮಾತ್ರ. ತಲೆಯ ಮೇಲೆ ಮೆಟ್ರೊ ಹಾದುಹೋದರೆ ಇಡೀ ಓಣಿಗೆ ಒಂದು ಕ್ಷಣ ನೆರಳು. ಹಳೆಯ ಹೈದರಾಬಾದು ನೋಡುವ ಕಾಲ್ನಡಿಗೆಗೆಂದು ಅಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ನಾನು ಸುರಪುರದ ಕಡೆಯವನು. 1956ರವರೆಗೆ ನಮ್ಮ ಕಲಬುರಗಿ, ರಾಯಚೂರು, ಬೀದರಿಗೆಲ್ಲ ರಾಜಧಾನಿ ಎಂದರೆ ಇದೇ ಊರು. ಹಾಗಾಗಿ ನನಗೆ ಇದು ಪರವೂರು ಅನ್ನಿಸುವುದೇ ಇಲ್ಲ.

ಬಜಾರಿನ ಹುಟ್ಟು ತಿಳಿಯಬೇಕಾದರೆ ರಸ್ತೆಯಾಚೆಯ ಕಾಂಪೌಂಡಿಗೆ ಹೋಗಬೇಕು. ಈಗ ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಇರುವಲ್ಲಿ ಬ್ರಿಟಿಷ್ ರೆಸಿಡೆನ್ಸಿ ಇತ್ತು. 1798ರಿಂದ 1805ರವರೆಗೆ ರೆಸಿಡೆಂಟ್, ಅಂದರೆ ನಿಜಾಮರ ದರ್ಬಾರಿನಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಲು ತೊಡಗಿದ ಮನೆ, ಖರ್ಚು ನಿಜಾಮರದು. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು, ಎರಡು ಬದಿಗೆ ಕಲ್ಲಿನ ಸಿಂಹ: ಯುರೋಪಿನ ಯಾವುದೋ ರಾಜಧಾನಿಯ ಚೌಕದಿಂದ ಎತ್ತಿ ತಂದು ಮೂಸಿ ದಂಡೆಯಲ್ಲಿ ಇಟ್ಟಂತಿದೆ. ನನ್ನನ್ನು ನಿಲ್ಲಿಸಿದ್ದು ಮಾತ್ರ ಹಿಂದಿನ ತೋಟದ ಒಂದು ಪುಟ್ಟ ಕಟ್ಟಡ. ಅದೇ ಮಹಲಿನ ಪಡಿಯಚ್ಚು, ಮಕ್ಕಳ ಗೊಂಬೆಮನೆಯಂತೆ. ಕರ್ಕ್‌ಪ್ಯಾಟ್ರಿಕ್‌ನ ಹೆಂಡತಿ ಖೈರುನ್ನೀಸಾ ಪರದೆಯಲ್ಲಿದ್ದವಳು; ಮುಂಬಾಗಿಲಿಗೆ ಬಂದು ಮನೆ ನೋಡುವಂತಿರಲಿಲ್ಲ, ಅದಕ್ಕೇ ಈ ಮಾದರಿ ಎಂದು ಹೇಳುತ್ತಾರೆ. ಅವಳಿದ್ದ ರಂಗಮಹಲು ಈಗಿಲ್ಲ. ಮಕ್ಕಳಿಬ್ಬರನ್ನೂ 1805ರಲ್ಲಿ ವಿಲಾಯಿತಿಗೆ ಕಳಿಸಿದರು. ಅದೇ ವರ್ಷ ಗಂಡ ಕಲ್ಕತ್ತೆಯಲ್ಲಿ ತೀರಿಕೊಂಡ.

ಈ ಕಾಂಪೌಂಡಿನ ಸುತ್ತ ಸಾಹುಕಾರರು, ಬಟ್ಟೆ ವ್ಯಾಪಾರಿಗಳು ಬಂದು ನೆಲೆಸಿದರು. ಕಾರಣ ಸರಳ. ಇಲ್ಲಿ ನಡೆಯುತ್ತಿದ್ದುದು ರೆಸಿಡೆಂಟರ ಆಡಳಿತ. ನಿಜಾಮರ ಕೊತ್ವಾಲನ ಕೈ ಇಲ್ಲಿಗೆ ನಿಲುಕುತ್ತಿರಲಿಲ್ಲ. ಹೀಗೆ ಬೆಳೆದದ್ದು ರೆಸಿಡೆನ್ಸಿ ಬಜಾರು. ಕೋಠಿ ಎಂಬ ಹೆಸರೂ ಆ ದೊಡ್ಡ ಮನೆಯಿಂದಲೇ ಬಂತು. 1857ರ ಜುಲೈ 17ರಂದು ತುರ್ರೆಬಾಜ್ ಖಾನ್, ಮೌಲ್ವಿ ಅಲ್ಲಾವುದ್ದೀನ್ ದಂಡು ಕಟ್ಟಿಕೊಂಡು ಬಂದು ರೆಸಿಡೆನ್ಸಿಯ ಮೇಲೆ ಗುಂಡು ಹಾರಿಸಿದ್ದು ಎದುರಿನ ಸಾಹುಕಾರರ ಮನೆಗಳಿಂದಲೇ. ಮುಂದೆ ಇಲ್ಲಿ ಸಂಘಗಳು, ವಾಚನಾಲಯಗಳು ತಲೆಯೆತ್ತಿದವು. 1901ರಲ್ಲಿ ಶುರುವಾದ ತೆಲುಗು ಗ್ರಂಥಾಲಯಕ್ಕೆ ಇಟ್ಟದ್ದು ಹಂಪಿಯಿಂದ ಆಳಿದ ಶ್ರೀಕೃಷ್ಣದೇವರಾಯನ ಹೆಸರು. 1933ರಲ್ಲಿ ಬ್ರಿಟಿಷರು ಬಜಾರನ್ನು ನಿಜಾಮರಿಗೆ ಬಿಟ್ಟುಕೊಟ್ಟರು. ಸುಲ್ತಾನ್ ಬಜಾರ್ ಆದದ್ದು ಆಗ.

ಇಷ್ಟನ್ನೂ ನಮ್ಮನ್ನು ಕರೆದೊಯ್ದ ಹುಡುಗಿ ಸೊಗಸಾದ ದಖನಿಯಲ್ಲಿ ಹೇಳಿದಳು. ಇಲ್ಲೇ ಆಸುಪಾಸಿನಲ್ಲಿ ವ್ಯವಹಾರ ನಡೆಸಿದ ವಿಲಿಯಂ ಪಾಮರ್ ಎಂಬ ಲೇವಾದೇವಿಗಾರನ ಹೆಸರು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ. ಅವನ ಮಗಳು ಮೇರಿಯನ್ನು ಮದುವೆಯಾದವನು ಮೆಡೋಸ್ ಟೇಲರ್. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ಇದೆ. 1841ರಿಂದ ಹನ್ನೆರಡು ವರ್ಷ ನಮ್ಮ ಸಂಸ್ಥಾನದ ಆಡಳಿತ ನೋಡಿಕೊಂಡವನು, ಬಾಲಕ ದೊರೆ ವೆಂಕಟಪ್ಪ ನಾಯಕನನ್ನು ಕಣ್ಣೆದುರಿಗೇ ಬೆಳೆಸಿದವನು. ಹುಡುಗ ಅವನನ್ನು ಕರೆಯುತ್ತಿದ್ದುದು ‘ಅಪ್ಪ’ ಎಂದು.

1858ರ ಫೆಬ್ರುವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೋತು, ವೆಂಕಟಪ್ಪ ಓಡಿಬಂದದ್ದು ಈ ಹೈದರಾಬಾದಿಗೇ. ನಿಜಾಮರ ದಿವಾನ ಸಾಲಾರ್ ಜಂಗರ ಜನ ಹಿಡಿದು ರೆಸಿಡೆಂಟರಿಗೆ ಒಪ್ಪಿಸಿದರು. ಸೆರೆಯಲ್ಲಿ ಟೇಲರ್ ಬಂದು ನೋಡಿದ. ರೆಸಿಡೆಂಟರನ್ನು ಕಾಣುವ ಮಾತು ಬಂದಾಗ ದೊರೆ ಒಪ್ಪಲಿಲ್ಲ. ಹೋದರೆ ಪ್ರಾಣಭಿಕ್ಷೆ ಬೇಡಬೇಕಾಗುತ್ತದೆ, ಅದು ತನ್ನಿಂದಾಗದು ಎಂದ. ಶಿಕ್ಷೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಅವನ ಜೀವ ಹೋಯಿತು. ಇಪ್ಪತ್ತೈದೂ ತುಂಬಿರಲಿಲ್ಲ.

ಸಿಂಹಗಳ ನಡುವಿನ ಮೆಟ್ಟಿಲ ಮೇಲೆ ಕುಳಿತು ಆ ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಊರಿನ ಹೆಸರು ಬಂದಾಗ ಪೆನ್ನು ನಿಲ್ಲಿಸಿ ಕೇಳಿದಳು: ಇಂಗ್ಲಿಷ್ ಪುಸ್ತಕಗಳಲ್ಲಿ ಶೋರಾಪುರ ಅಂತ ಇದೆಯಲ್ಲ, ಹಾಗೇ ಬರೆಯಲಾ?

ಬೇಡ ತಾಯಿ, ಸುರಪುರ ಅಂತಲೇ ಬರೀ ಎಂದೆ.