ಅರಗಿನ ತಟ್ಟೆಗೆ ಸ್ಪಿರಿಟ್ ಸೋಕದಿರಲಿ

ಪ್ರಶ್ನೆ ಚಿಕ್ಕದು. "ಅಟ್ಟದ ಮೇಲಿನ ಟ್ರಂಕಿನಲ್ಲಿ ತಾತನ ಕಾಲದ ಗ್ರಾಮಫೋನ್ ತಟ್ಟೆಗಳು ಸಿಕ್ಕಿವೆ. ಬೂಷ್ಟು ಹಿಡಿದಿವೆ. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಬಹುದೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಆಗಬಹುದು, ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಆ ಟ್ರಂಕಿನಲ್ಲಿ ಎರಡು ಜಾತಿಯ ತಟ್ಟೆಗಳಿರಬಹುದು. ನೋಡಲು ಎರಡೂ ಕಪ್ಪು, ಎರಡೂ ದುಂಡು, ಎರಡಕ್ಕೂ ನಡುವೆ ತೂತು. ಒಂದು ಜಾತಿ ಸ್ಪಿರಿಟ್ಟಿನ ಒಂದೆರಡು ಒರೆಸನ್ನು ಹೇಗೋ ತಾಳಿಕೊಂಡೀತು. ಇನ್ನೊಂದರ ಮೇಲೆ ಅದೇ ಹತ್ತಿಯನ್ನು ಆಡಿಸಿದರೆ ಕೊಳೆಯ ಜೊತೆಗೆ ಹಾಡೂ ಹತ್ತಿಗೆ ಅಂಟಿಕೊಂಡು ಬರುತ್ತದೆ.

ಇಂಥ ಪ್ರಶ್ನೆ ಈಚೆಗೆ ಮತ್ತೆ ಏಳುತ್ತಿರುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ರೆಕಾರ್ಡುಗಳು ಮಾರಾಟವಾದವು; ಸಿ.ಡಿ.ಗಳು 3.3 ಕೋಟಿ. ಎಣಿಕೆಯಲ್ಲಿ ರೆಕಾರ್ಡು ಸಿ.ಡಿ.ಯನ್ನು ಹಿಂದಿಕ್ಕಿದ್ದು 1987ರ ನಂತರ ಅದೇ ಮೊದಲು. ಆ ಗಾಳಿ ನಮ್ಮ ಊರುಗಳಿಗೂ ಬೀಸಿದೆ. ಟರ್ನ್‌ಟೇಬಲ್ ಕೊಂಡ ಮೊಮ್ಮಕ್ಕಳು ಅಟ್ಟ ಹತ್ತುತ್ತಿದ್ದಾರೆ. ಹತ್ತಲಿ, ಬಹಳ ಸಂತೋಷ. ಒರೆಸುವ ಮೊದಲು ಕೈಯಲ್ಲಿರುವುದು ಏನೆಂದು ತಿಳಿದಿದ್ದರೆ ಸಾಕು.

ಹಳೆಯ ಬಡಗಿಗಳು ಬೀಟೆಯ ಮಂಚಕ್ಕೂ ತೇಗದ ಬೀರುವಿಗೂ ಪಾಲಿಶ್ ಹಾಕುವುದನ್ನು ಕಂಡವರಿಗೆ ಅರ್ಧ ವಿಷಯ ಆಗಲೇ ಗೊತ್ತಿದೆ. ಜೇನುಬಣ್ಣದ ಅರಗಿನ ಚಕ್ಕೆಗಳನ್ನು ಸ್ಪಿರಿಟ್ ಇರುವ ಸೀಸೆಗೆ ಹಾಕಿ ಇಡುತ್ತಾರೆ. ಚಕ್ಕೆ ನಿಧಾನವಾಗಿ ಕರಗುತ್ತದೆ. ಬಟ್ಟೆಯ ಉಂಡೆಯನ್ನು ಅದರಲ್ಲಿ ಅದ್ದಿ ಮರದ ಮೇಲೆ ಎಳೆದರೆ ಸ್ಪಿರಿಟ್ ಆರಿಹೋಗಿ ಅರಗಿನ ತೆಳುಪದರ ಉಳಿಯುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಪುಡಿಯನ್ನೆಲ್ಲ ಹಿಡಿದು ನಿಲ್ಲಿಸಿರುವುದೂ ಇದೇ ಅರಗು. ಬಡಗಿಗೆ ವರವಾದ ಗುಣ ತಟ್ಟೆಗೆ ಶಾಪ. ಸ್ಪಿರಿಟ್ ಸೋಕಿದ ಕಡೆ ಹೊಳಪು ಹೋಗಿ ಮೇಲ್ಮೈ ಅಂಟಂಟಾಗುತ್ತದೆ. ಅಲ್ಲಿ ಕೊರೆದಿದ್ದ ಗೀರು, ಅಂದರೆ ಸಂಗೀತ, ಕಲಸಿಹೋಗುತ್ತದೆ. ಅದನ್ನು ಸರಿಪಡಿಸುವ ಉಪಾಯ ಯಾವುದೂ ಇಲ್ಲ.

ಈ ಅರಗು ಗಣಿಯಿಂದ ಬಂದುದಲ್ಲ, ಕಾರ್ಖಾನೆಯದೂ ಅಲ್ಲ. ಕೆರಿಯಾ ಲ್ಯಾಕಾ ಎಂಬ ಪುಟ್ಟ ಕೀಟ ಮುತ್ತುಗ, ಬೋರೆಯಂಥ ಮರಗಳ ಎಳೆಯ ರೆಂಬೆಗೆ ಬಾಯಿ ಹಾಕಿ ರಸ ಹೀರುತ್ತ, ಮೈಯಿಂದ ಅಂಟು ಸ್ರವಿಸಿ ತನ್ನ ಸುತ್ತ ಕವಚ ಕಟ್ಟಿಕೊಳ್ಳುತ್ತದೆ. ರೆಂಬೆಯ ಮೇಲೆ ಅವು ಎಣಿಸಲಾರದಷ್ಟು ಒತ್ತೊತ್ತಾಗಿ ಕೂರುವುದರಿಂದ ಕವಚಗಳೆಲ್ಲ ಕೂಡಿ ದಪ್ಪ ಹೊರಪದರವಾಗುತ್ತದೆ. ರೆಂಬೆ ಕಡಿದು, ಕೆರೆದು, ತೊಳೆದು, ಕಾಯಿಸಿ ಸೋಸಿದರೆ ಅರಗು. ಮಹಾಭಾರತದ ಅರಗಿನ ಮನೆಯ ಕಥೆ ಕೇಳಿ ಬೆಳೆದವರಿಗೆ ಅದು ಬೆಂಕಿಗೆ ಹೇಗೆ ಒದಗುತ್ತದೆ ಎಂದು ಗೊತ್ತು. ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಅದರ ಇನ್ನೊಂದು ಮುಖ ಗೊತ್ತು: ಲೇತಿನಲ್ಲಿ ತಿರುಗುವ ಹಾಲೆ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ, ತಿಕ್ಕಾಟದ ಬಿಸಿಗೇ ಅರಗು ಮೆತ್ತಗಾಗಿ ಮರಕ್ಕೆ ಹರಡುತ್ತದೆ, ತಣಿದರೆ ಗಾಜಿನಂತೆ ಗಟ್ಟಿ.

ಬಿಸಿಯಲ್ಲಿ ಮೆತ್ತಗೆ, ತಣ್ಣಗಾದರೆ ಗಟ್ಟಿ. ಎಮಿಲ್ ಬರ್ಲಿನರ್‌ಗೆ ಬೇಕಾಗಿದ್ದುದು ಇದೇ ಗುಣ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ್ದ ಆತ 1887ರಲ್ಲಿ ಗ್ರಾಮಫೋನಿಗೆ ಪೇಟೆಂಟ್ ಪಡೆದ. ಅದಕ್ಕೆ ಹತ್ತು ವರ್ಷ ಮೊದಲೇ ಎಡಿಸನ್ ಧ್ವನಿ ಹಿಡಿದಿದ್ದ ನಿಜ. ಆದರೆ ಅದು ಉರುಳೆಯ ಮೇಲೆ. ಉರುಳೆಯ ಪ್ರತಿ ತೆಗೆಯುವುದು ಕಷ್ಟ. ಚಪ್ಪಟೆ ತಟ್ಟೆಯಾದರೆ ಲೋಹದ ಅಚ್ಚು ಮಾಡಿ, ಬಿಸಿ ಮಿಶ್ರಣದ ಮೇಲೆ ಒತ್ತಿ, ಹೋಳಿಗೆ ತಟ್ಟಿದಂತೆ ಒಂದರ ಹಿಂದೆ ಒಂದು ತೆಗೆಯಬಹುದು. ಬರ್ಲಿನರ್ ಮೊದಲು ಗಟ್ಟಿ ರಬ್ಬರಿನಲ್ಲಿ ಪ್ರಯತ್ನಿಸಿದ, ತೃಪ್ತಿಯಾಗಲಿಲ್ಲ. 1890ರ ದಶಕದ ನಡುವಿಗೆ ಅರಗಿಗೆ ಬಂದ. ಅಲ್ಲಿಂದ ಅರ್ಧ ಶತಮಾನ ಜಗತ್ತು ಕೇಳಿದ ಹಾಡೆಲ್ಲ ಮುಖ್ಯವಾಗಿ ಭಾರತದ ಕಾಡುಮರಗಳ ಈ ಕೀಟದ ಅಂಟಿನಲ್ಲೇ ನಿಂತಿತ್ತು. ವಿಜ್ಞಾನದ ಚರಿತ್ರೆ ಬರೆಯುವವರು ಎಡಿಸನ್, ಬರ್ಲಿನರ್ ಹೆಸರು ಮರೆಯುವುದಿಲ್ಲ. ಅರಗು ಕೆರೆದವರಿಗೂ ಆ ಪುಟದಲ್ಲಿ ಜಾಗ ಸಲ್ಲಬೇಕು.

1902ರ ನವೆಂಬರ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್‌ರ ಹಾಡನ್ನು ಮುದ್ರಿಸಿಕೊಂಡ. ಒಂದು ಬದಿಗೆ ಸಿಗುತ್ತಿದ್ದುದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಿಗ್ಗಿಸುವ ರಾಗವನ್ನು ಅಷ್ಟರಲ್ಲಿ ಹಿಡಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಸಾರುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಮುದ್ರಣ ಯಾರದೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದದ್ದು 1908ರಲ್ಲಿ. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿ ಇಂದು ಕೇಳಸಿಗುತ್ತಿದ್ದರೆ ಅದು ಯಾರೋ ಜೋಪಾನ ಮಾಡಿದ ಅರಗಿನ ತಟ್ಟೆಗಳಿಂದ.

ತಟ್ಟೆಯಲ್ಲಿ ಅರಗಿನ ಪಾಲು ಅರ್ಧಕ್ಕಿಂತ ಎಷ್ಟೋ ಕಡಿಮೆ. ಉಳಿದದ್ದು ನಯವಾದ ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆ ಕಪ್ಪು. ಕಲ್ಲಿನ ಪುಡಿಗೆ ಒಂದು ಕೆಲಸವಿತ್ತು: ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಸವೆಸಿ ಗೀರಿನ ಆಕಾರಕ್ಕೆ ತರುವುದು. ಆದ್ದರಿಂದಲೇ ಪ್ರತಿ ಬದಿಗೂ ಹೊಸ ಮುಳ್ಳು ಹಾಕುವ ಪದ್ಧತಿ. ಹಾಡಿನ ಹಿಂದೆ ಬಾಣಲೆಯಲ್ಲಿ ಕರಿದಂತೆ ಕೇಳುವ ಸದ್ದಿಗೂ ಆ ಪುಡಿಯೇ ಮುಖ್ಯ ಕಾರಣ.

ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸರಬರಾಜು ಕಡಿಮೆಯಾಯಿತು. ಅಮೆರಿಕದ ಸೇನೆ ತನ್ನ ಸೈನಿಕರಿಗೆ ವಿನೈಲ್ ಪ್ಲಾಸ್ಟಿಕ್ಕಿನ ತಟ್ಟೆ ಕಳಿಸಿತು. ಅದು ಒಡೆಯುತ್ತಿರಲಿಲ್ಲ, ಕರಕರ ಎನ್ನುತ್ತಿರಲಿಲ್ಲ. 1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ಹೊರತಂದಿತು. ಮೂರು ನಿಮಿಷದ ಜಾಗದಲ್ಲಿ ಇಪ್ಪತ್ತು ನಿಮಿಷ. ಭಾರತದಲ್ಲಿ ಮಾತ್ರ 78ರ ತಟ್ಟೆಗೆ ಆಯುಸ್ಸು ಗಟ್ಟಿ. 1960ರ ದಶಕದಲ್ಲೂ ಅವು ಇಲ್ಲಿ ಅಚ್ಚಾಗುತ್ತಿದ್ದವು. ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78ರಲ್ಲಿ ಬಂದು, ಇಂದು ಹೊರದೇಶದ ಸಂಗ್ರಾಹಕರು ಅವನ್ನು ಹುಡುಕುತ್ತಿದ್ದಾರೆ. ಹಾಗಾಗಿ ನಮ್ಮ ಅಟ್ಟದ ಟ್ರಂಕಿನಲ್ಲಿ ಕಪ್ಪು-ಬಿಳುಪು ಕಾಲದ ಚಿತ್ರಗೀತೆಯ ಅರಗಿನ ತಟ್ಟೆಯೂ ನಂತರದ ವಿನೈಲ್ ತಟ್ಟೆಯೂ ಒಂದರ ಮೇಲೊಂದು ಮಲಗಿರುವುದು ಸಹಜ.

ಬೇರ್ಪಡಿಸುವುದು ಸುಲಭ. ಲೇಬಲ್ಲಿನ ಮೇಲೆ 78 ಎಂದಿದ್ದರೆ, ತಟ್ಟೆ ದಪ್ಪಗೆ ಭಾರವಾಗಿದ್ದರೆ, ಬೆರಳ ಗೆಣ್ಣಿನಿಂದ ತಟ್ಟಿದಾಗ ಪಿಂಗಾಣಿಯ ಸದ್ದು ಬಂದರೆ ಅದು ಅರಗು. ತೆಳ್ಳಗೆ, ಅಂಚು ಹಿಡಿದರೆ ತುಸು ಬಳುಕುವುದು ವಿನೈಲ್. ಬಗ್ಗಿಸಿ ಪರೀಕ್ಷಿಸಲು ಹೋಗಬೇಡಿ, ಅರಗು ಬಗ್ಗುವುದಿಲ್ಲ, ಒಡೆಯುತ್ತದೆ. ರೇಡಿಯೋ ನಿಲಯಗಳು ಬಳಸುತ್ತಿದ್ದ, ಒಳಗೆ ಅಲ್ಯೂಮಿನಿಯಂ ಹಾಳೆಯಿರುವ ಮೂರನೆಯ ಜಾತಿಯೊಂದಿದೆ. ಅದು ಸಿಕ್ಕರೆ ಮನೆಯಲ್ಲಿ ಕೈ ಹಾಕದೆ ತಿಳಿದವರಿಗೆ ತೋರಿಸುವುದೇ ಸರಿ.

ಮುಳ್ಳೂ ಬೇರೆ. 78ರ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್, ಎಲ್‌ಪಿಯದು 18ರಿಂದ 25. ಎಲ್‌ಪಿಯ ಮುಳ್ಳು 78ರ ಅಗಲ ಗೀರಿನ ತಳಕ್ಕೆ ಬಿದ್ದು ಕೊಳೆಯನ್ನಷ್ಟೇ ಕೆದಕುತ್ತದೆ. 78ರ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ಗೀರೇ ಹಾಳು.

ಎಲ್‌ಪಿಯ ಗೀರು ಎಷ್ಟು ಸೂಕ್ಷ್ಮ ಎಂದು ಲೆಕ್ಕ ಹಾಕಿದರೆ ಅದನ್ನು ಚೊಕ್ಕಟವಾಗಿಡುವ ಹಟ ಏಕೆಂದು ತಿಳಿಯುತ್ತದೆ. ಒಂದು ಬದಿಗೆ ಇರುವುದು ಒಂದೇ ಗೀರು, ಹೊರಗಿನಿಂದ ಒಳಕ್ಕೆ ಸುರುಳಿ ಸುತ್ತಿದ್ದು. ಇಪ್ಪತ್ತು ನಿಮಿಷಕ್ಕೆ ಸುಮಾರು 667 ಸುತ್ತು. ಬಿಚ್ಚಿ ಎಳೆದರೆ 400 ಮೀಟರಿಗೂ ಹೆಚ್ಚು ಉದ್ದ. ಅಗಲ ಸುಮಾರು 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಮುಳ್ಳಿನ ಮುಂದೆ ಗೀರು ಹೊರ ಅಂಚಿನಲ್ಲಿ ಸೆಕೆಂಡಿಗೆ 50 ಸೆಂಟಿಮೀಟರ್ ಓಡಿದರೆ ಒಳ ಅಂಚಿನಲ್ಲಿ 20ರ ಆಸುಪಾಸು. ಒಳಗಡೆ ಅಷ್ಟೇ ಹೊತ್ತಿನ ಹಾಡು ಕಡಿಮೆ ಜಾಗದಲ್ಲಿ ಒತ್ತಿಕೊಂಡಿರುವುದರಿಂದ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಸಕಾರ ಶಕಾರಗಳು ಸೀಳುತ್ತವೆ. ಅದು ನಿಮ್ಮ ಸ್ಪೀಕರಿನ ದೋಷವಲ್ಲ, ಜ್ಯಾಮಿತಿ. ಮುಳ್ಳಿನ ಭಾರ ಎರಡು ಗ್ರಾಂ, ಒಂದು ರೂಪಾಯಿ ನಾಣ್ಯಕ್ಕಿಂತ ಕಡಿಮೆ. ಆದರೆ ಅದು ಗೀರಿನ ಗೋಡೆಗೆ ತಾಗುವ ಜಾಗ ಎಷ್ಟು ಕಿರಿದೆಂದರೆ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳ ಲೆಕ್ಕದಲ್ಲಿ ಬೀಳುತ್ತದೆ. ಆ ಒತ್ತಡದ ಕೆಳಗೆ ಒಂದು ಮಣ್ಣಿನ ಕಣ ಸಿಕ್ಕಿಕೊಂಡರೆ ವಿನೈಲ್ ಗೋಡೆಗೆ ಉಳಿ ಹೊಡೆದಂತೆಯೇ.

ಧೂಳನ್ನು ಕರೆಯುವುದೂ ವಿನೈಲೇ. ಕಾಗದದ ಕವಚದಿಂದ ಎಳೆದಾಗ ಉಜ್ಜಿ ಅದರಲ್ಲಿ ಋಣ ವಿದ್ಯುದಂಶ ಸೇರುತ್ತದೆ. ಒಣಹವೆಯ ಮಾಘದಲ್ಲಿ ಅದು ಚಟಚಟ ಎನ್ನುವುದು ಕೇಳಿಸುತ್ತದೆ. ಒಣಬಟ್ಟೆಯಲ್ಲಿ ತಿಕ್ಕಿದರೆ ಇನ್ನಷ್ಟು ವಿದ್ಯುದಂಶ, ಇನ್ನಷ್ಟು ಧೂಳು. ಪ್ರತಿಸಲ ಹಾಕುವ ಮೊದಲು ಕಾರ್ಬನ್ ನಾರಿನ ಬ್ರಷ್ ಆಡಿಸುವುದು ಲೇಸು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ.

ಇನ್ನು ಬೂಷ್ಟಿನ ವಿಷಯ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದು ಬರದೆ ಇರದು. ಮೂಗಿಗೆ ಬಟ್ಟೆ ಕಟ್ಟಿ ಮನೆಯ ಹೊರಗೆ ಮೃದುವಾದ ಬ್ರಷ್‌ನಿಂದ ಬಳಿದು ತೆಗೆಯಬೇಕು; ಹಳೆಯ ಕಾಗದದ ಕವಚವನ್ನು ಮತ್ತೆ ಬಳಸಬಾರದು. ತೊಳೆಯಲು ಬಟ್ಟಿ ಇಳಿಸಿದ ನೀರು, ಅದಕ್ಕೆ ಸುವಾಸನೆಯಿಲ್ಲದ ಮೆದು ಸೋಪಿನ ಒಂದೆರಡು ಹನಿ. ಬೋರ್‌ವೆಲ್ ನೀರು ಖಂಡಿತ ಬೇಡ: ಗಡಸು ನೀರು ಆರಿದಾಗ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣವೇ ಗೀರಿನಲ್ಲೂ ಕಟ್ಟುತ್ತದೆ. ಮೆತ್ತನೆಯ ಬಟ್ಟೆಯನ್ನು ಗೀರಿನ ಜಾಡಿನಲ್ಲೇ ದುಂಡಗೆ ಆಡಿಸಿ, ಲೇಬಲ್ ನೆನೆಯದಂತೆ ನೋಡಿಕೊಂಡು, ಬರೀ ಬಟ್ಟಿ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಆರಿಸಿದರೆ ಮುಗಿಯಿತು. ಅರಗಿನ ತಟ್ಟೆಗೂ ಇದೇ ಕ್ರಮ, ಆದರೆ ನೀರು ಬಹಳ ಹೊತ್ತು ನಿಲ್ಲಬಾರದು. ವಿನೈಲಿಗಾದರೂ ಸ್ಪಿರಿಟ್ ಏಕೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ದ್ರಾವಣ ಶುದ್ಧ ನೀರಿಗೆ ತುಸು ಸೋಪಿನಂಥ ವಸ್ತು ಬೆರೆಸಿದ್ದು, ಅಷ್ಟೇ. ಇಡುವಾಗ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಎರಡೂ ಜಾತಿ ಹಪ್ಪಳದಂತೆ ಸೊಟ್ಟಗಾಗುತ್ತವೆ.

ಈ ಹವ್ಯಾಸದ ಸುತ್ತ ಬೆಳೆದಿರುವ ಮಾರಾಟದ ಮಾತುಗಳನ್ನು ಮಾತ್ರ ನಂಬಬೇಕಿಲ್ಲ. ತಟ್ಟೆಯ ಕಾಂತಗುಣ ತೆಗೆಯುವ ದುಬಾರಿ ಯಂತ್ರಗಳು ಮಾರಾಟಕ್ಕಿವೆ. ವಿನೈಲಿಗೂ ಅದಕ್ಕೆ ಕಪ್ಪು ಬಣ್ಣ ಕೊಡುವ ಕಾರ್ಬನ್‌ಗೂ ತೆಗೆಯಬೇಕಾದ ಕಾಂತಗುಣವೇ ಇಲ್ಲ. ಡಿಜಿಟಲ್ ಸೋಕದ ಧ್ವನಿಯನ್ನು ಕಿವಿ ತಟ್ಟನೆ ಗುರುತಿಸುತ್ತದೆ ಎಂಬ ಮಾತೂ 2022ರಲ್ಲಿ ಬಿದ್ದುಹೋಯಿತು. ಅಪ್ಪಟ ಅನಲಾಗ್ ಎಂದು ರಸಿಕರು ವರ್ಷಗಳಿಂದ ಕೊಂಡಾಡುತ್ತಿದ್ದ ಅಮೆರಿಕದ ಒಂದು ಕಂಪನಿಯ ತಟ್ಟೆಗಳ ತಯಾರಿಕೆಯಲ್ಲಿ ಡಿಜಿಟಲ್ ಹಂತ ಇತ್ತೆಂದು ಆಗ ಬಯಲಾಯಿತು. ಅಳತೆಗೆ ನಿಂತರೆ ಅತಿ ಮೆಲು ಮತ್ತು ಅತಿ ಜೋರು ಧ್ವನಿಗಳ ಅಂತರ ಸಿ.ಡಿ.ಯಲ್ಲಿ ಸುಮಾರು 96 ಡೆಸಿಬೆಲ್. ಒಳ್ಳೆಯ ಎಲ್‌ಪಿಯಲ್ಲಿ 60ರಿಂದ 70. ತಟ್ಟೆಯ ಮೇಲಿನ ಪ್ರೀತಿಗೆ ಈ ಅಂಕಿಗಳು ಅಡ್ಡಿಯಾಗಬೇಕಿಲ್ಲ. ಹಳೆಯ ಎಷ್ಟೋ ಹಾಡುಗಳು ತಟ್ಟೆಯಲ್ಲಲ್ಲದೆ ಇನ್ನೆಲ್ಲೂ ಇಲ್ಲ. ಅದೊಂದೇ ಸಾಕಷ್ಟು ದೊಡ್ಡ ಕಾರಣ.

ಒಡೆದ ತಟ್ಟೆಯಿಂದಲೂ ಹಾಡು ಪಡೆಯುವ ದಾರಿ ಈಗಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ವಿಟಾಲಿ ಫದೇಯೆವ್ ಕಣಭೌತವಿಜ್ಞಾನಿಗಳು. ಕಣಗಳ ಜಾಡು ಹಿಡಿಯಲು ಬಳಸುವ ಚಿತ್ರ ವಿಶ್ಲೇಷಣೆಯನ್ನೇ ಅವರು ಈ ಶತಮಾನದ ಆರಂಭದಲ್ಲಿ ಗ್ರಾಮಫೋನ್ ಗೀರಿಗೂ ಒಗ್ಗಿಸಿದರು. ಮುಳ್ಳು ಸೋಕಿಸದೆ, ಗೀರಿನ ಚಿತ್ರ ತೆಗೆದು, ಅದರ ಅಲುಗಾಟವನ್ನು ಅಳೆದು ಗಣಕದಲ್ಲಿ ಧ್ವನಿ ಮಾಡುವ ವಿಧಾನ ಅದು. ಐರೀನ್ ಎಂದು ಹೆಸರು. 1860ರಲ್ಲಿ ಫ್ರಾನ್ಸಿನಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಗೀರಿದ್ದ ಹಾಡಿನ ಗುರುತುಗಳು 2008ರಲ್ಲಿ ಕಿವಿಗೆ ಕೇಳಿಸಿದ್ದು ಇದೇ ಪ್ರಯೋಗಾಲಯದ ನೆರವಿನಿಂದ. ಒಡೆದ ತಟ್ಟೆಯ ಚೂರುಗಳನ್ನು ಜೋಡಿಸಿಟ್ಟು ಚಿತ್ರ ತೆಗೆದರೂ ಹಾಡು ಸಿಗುತ್ತದೆ.

ಆ ಟ್ರಂಕಿನ ತಳದಲ್ಲಿ ಚೂರಾದ ತಟ್ಟೆಯಿದ್ದರೆ ಗುಡಿಸಿ ಎಸೆಯಬೇಡಿ. ಅಂಟು ಹಾಕಲೂ ಬೇಡಿ, ಅಂಟು ಗೀರಿಗೆ ಇಳಿದರೆ ಬಿಡಿಸಲಾಗದು. ಚೂರುಗಳನ್ನೆಲ್ಲ ಒಂದಕ್ಕೊಂದು ಉಜ್ಜದಂತೆ ಬೇರೆಬೇರೆ ಕಾಗದದಲ್ಲಿ ಸುತ್ತಿ, ಒಂದೇ ಪೆಟ್ಟಿಗೆಯಲ್ಲಿಟ್ಟು, ಲೇಬಲ್ಲಿನ ಮೇಲಿರುವ ಹೆಸರನ್ನೂ ಸಂಖ್ಯೆಯನ್ನೂ ಪೆನ್ಸಿಲ್ಲಿನಲ್ಲಿ ಮೇಲೆ ಬರೆದಿಡಿ.