ಲೇಸು ಹೆಣೆಯುವವರ ಸಂಘ

ಕನ್ನಡದಲ್ಲಿ ಲೇಸೆಂದರೆ ಒಳಿತು. ಇಂಗ್ಲಿಷಿನ ಲೇಸಿಗೆ ಮೂಲವಾದ ಲ್ಯಾಟಿನ್ ಪದಕ್ಕೆ ಕುಣಿಕೆಯೆಂದರ್ಥ. ತಾವು ರವಕೆಯ ತೋಳಂಚಿಗೆ ಹೊಲಿಸುವ ಲೇಸು ಬಹುಮಟ್ಟಿಗೆ ಯಂತ್ರದ್ದು. ಇಂಗ್ಲೆಂಡಿನ ಕೈಲೇಸಿನ ಬಗೆ ಬೇರೆ. ಗಟ್ಟಿ ದಿಂಬಿನ ಮೇಲೆ ತೂತು ಚುಚ್ಚಿದ ನಕ್ಷೆಯಿಟ್ಟು, ಹೆಣಿಗೆ ಸಾಗಿದಂತೆ ತೂತುಗಳಲ್ಲಿ ಗುಂಡುಸೂಜಿ ನೆಡುವರು. ದಾರ ಸುತ್ತಿದ ಸಣ್ಣ ಕಡ್ಡಿಗಳು ಜೊತೆಜೊತೆಯಾಗಿ ಇಳಿಬಿದ್ದಿರುತ್ತವೆ. ಒಮ್ಮೆಗೆ ನಾಲ್ಕನ್ನು ಹಿಡಿದು, ನಡುವಿನ ಎಳೆಗಳನ್ನು ದಾಟಿಸುವುದು, ಪಕ್ಕದ ಜೊತೆಗಳನ್ನು ಹೊಸೆಯುವುದು: ಈ ಎರಡರಿಂದಲೇ ಹೂವೂ ಬಲೆಯೂ ಮೂಡುತ್ತವೆ!

1809ರಲ್ಲಿ ಜಾನ್ ಹೀತ್‌ಕೋಟ್ ಇದೇ ಬಲೆ ಹೆಣೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1816ರಲ್ಲಿ ಲಫ್‌ಬರೋದ ಅವನ ಯಂತ್ರಗಳನ್ನು ಗುಂಪೊಂದು ಪುಡಿಮಾಡಿತು, ಗೆದ್ದದ್ದು ಯಂತ್ರವೇ. ವಿಕ್ಟೋರಿಯಾ ರಾಣಿ 1840ರ ತನ್ನ ಮದುವೆಗೆ ಹಾನಿಟನ್ ಕೈಲೇಸು ತೊಟ್ಟರೂ ಆ ಕಸುಬು ಹೊಟ್ಟೆ ಹೊರೆಯುವ ದಾರಿಯಾಗಿ ಉಳಿಯಲಿಲ್ಲ.

ಉಳಿಸುವ ಹೊಣೆ ಅಕ್ಕರೆಯುಳ್ಳವರ ಪಾಲಿಗೆ ಬಂದಿತು. 1976ರಲ್ಲಿ ಅಲ್ಲಿ ಹುಟ್ಟಿದ ‘ಲೇಸ್ ಗಿಲ್ಡ್’ ಸಂಘವನ್ನು ಸ್ವಯಂಸೇವಕರು ನಡೆಸಿಕೊಂಡು ಬಂದಿದ್ದಾರೆ. ಹಳೆಯ ಲೇಸುಗಳ ಸಂಗ್ರಹವಿದೆ, ಪತ್ರಿಕೆಯಿದೆ. ನನ್ನ ಎಣಿಕೆಯಲ್ಲಿ ಇವೆರಡಕ್ಕಿಂತ ಮಿಗಿಲಾದುದು ಪಾಠ. ಪೆಟ್ಟಿಗೆಯ ಲೇಸನ್ನು ತಾವು ನೋಡಬಹುದು. ಎಳೆಯನ್ನೆಷ್ಟು ಬಿಗಿಯಬೇಕೆಂಬುದನ್ನು ಅದು ಹೇಳದು. ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತು ತೋರಿಸಬೇಕು. ಹೊಸಬರು ಮೊದಮೊದಲು ಹೆಣೆಯುವುದು ಸಾಮಾನ್ಯವಾಗಿ ಪುಸ್ತಕದೊಳಗಿಡುವ ಗುರುತುಪಟ್ಟಿಯನ್ನು.